ಇಸ್ರೇಲ್–ಪ್ಯಾಲೆಸ್ಟೀನ್ ವಿಷಯದಲ್ಲಿ ರಾಜಕಾರಣಿಗಳ ಮಾತು ನೋಯಿಸುವುದು ಎಲ್ಲಿ?

ಪ್ರಶ್ನೆ: ರಾಜ್ಯಶಾಸ್ತ್ರ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಸಂಘರ್ಷದ ಕಾಲದ ರಾಜಕೀಯ ಭಾಷೆಯನ್ನು ಕುರಿತು ಸ್ನಾತಕೋತ್ತರ ಪದವಿಗಾಗಿ ಒಂದು ಪ್ರಬಂಧ ಬರೆಯುತ್ತಿದ್ದೇನೆ. ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಬಗ್ಗೆ ಬೇರೆ ಬೇರೆ ದೇಶಗಳ ನಾಯಕರು ಆಡಿದ ಮಾತುಗಳನ್ನೂ ಅವುಗಳಿಗೆ ಬಂದ ಆಕ್ಷೇಪಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದುವಾಗ ಎದುರಾದ ತೊಡಕೊಂದನ್ನು ತಮ್ಮೆಲ್ಲರ ಮುಂದಿಡುತ್ತಿದ್ದೇನೆ. ದ್ವೇಷ ಕಾರಲೆಂದೇ ಆಡಿದ ಮಾತು ನೋಯಿಸಿದರೆ ಅದರಲ್ಲಿ ವಿವರಿಸಬೇಕಾದದ್ದು ಹೆಚ್ಚೇನೂ ಇಲ್ಲ. ಆದರೆ ಸಂತೋಷವನ್ನೋ ಸಂತಾಪವನ್ನೋ ಹೇಳಲು ಹೊರಟ ಮಾತುಗಳೂ ರಾಯಭಾರಿಯನ್ನು ಕರೆಸಿ ಪ್ರತಿಭಟನೆ ಸಲ್ಲಿಸುವ ಮಟ್ಟಕ್ಕೆ ಹೋಗುವುದು ಏಕೆ?

2023ರ ನವೆಂಬರ್‌ನಲ್ಲಿ, ಹಮಾಸ್‌ನ ಒತ್ತೆಯಲ್ಲಿದ್ದ ಒಂಬತ್ತು ವರ್ಷದ ಐರಿಷ್–ಇಸ್ರೇಲಿ ಬಾಲಕಿಯೊಬ್ಬಳು ಬಿಡುಗಡೆಯಾದಾಗ ಐರ್ಲೆಂಡಿನ ಅಂದಿನ ಪ್ರಧಾನಿ ಲಿಯೋ ವರಾಡ್ಕರ್ ಅವರು, ಕಳೆದುಹೋಗಿದ್ದ ಮುಗ್ಧ ಮಗು ಸಿಕ್ಕಿದೆ, ಮರಳಿ ಬಂದಿದೆ, ನಮ್ಮ ಪ್ರಾರ್ಥನೆ ಫಲಿಸಿದೆ ಎಂಬರ್ಥದಲ್ಲಿ ಹರ್ಷ ವ್ಯಕ್ತಪಡಿಸಿದರು. ಇಸ್ರೇಲಿನ ವಿದೇಶಾಂಗ ಸಚಿವರಾಗಿದ್ದ ಎಲಿ ಕೊಹೆನ್ ಅವರು, ಮಗು ಕಳೆದುಹೋಗಿರಲಿಲ್ಲ, ಅದನ್ನು ಅಪಹರಿಸಲಾಗಿತ್ತು ಎಂದು ಖಂಡಿಸಿ ಐರಿಷ್ ರಾಯಭಾರಿಯನ್ನು ಕರೆಸಿದರು. ಅದಕ್ಕೆ ಒಂದು ತಿಂಗಳ ಹಿಂದೆ, ಅಕ್ಟೋಬರ್ 24ರಂದು, ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಅವರು ಭದ್ರತಾ ಮಂಡಳಿಯಲ್ಲಿ ಮಾತನಾಡುತ್ತಾ ಹಮಾಸ್‌ನ ದಾಳಿ ಹಿನ್ನೆಲೆಯಿಲ್ಲದೆ ನಡೆದದ್ದಲ್ಲ ಎಂದರು. ಇಸ್ರೇಲಿನ ಪ್ರತಿನಿಧಿ ಗಿಲಾಡ್ ಎರ್ದಾನ್ ಅವರು ಗುಟೆರಸ್ ಅವರ ರಾಜೀನಾಮೆಗೇ ಒತ್ತಾಯಿಸಿದರು. ಇತ್ತ ಪ್ಯಾಲೆಸ್ಟೀನಿಯರೂ ಅವರ ಬೆಂಬಲಿಗರೂ ಪಾಶ್ಚಾತ್ಯ ನಾಯಕರ ಹೇಳಿಕೆಗಳ ಬಗ್ಗೆ ಅಷ್ಟೇ ತೀವ್ರವಾದ ಅಸಮಾಧಾನವನ್ನು ಹೊರಹಾಕುತ್ತಲೇ ಬಂದಿದ್ದಾರೆ.

ಹಾಗಾದರೆ ಈ ವಿಷಯದಲ್ಲಿ ಏನು ಹೇಳಿದರೂ ಯಾರಿಗಾದರೂ ನೋವಾಗಿಯೇ ತೀರುತ್ತದೆಯೇ? ಅಥವಾ ನಿಜವಾಗಿ ಗಾಯಗೊಳಿಸುವ ಮಾತಿಗೂ ರಾಜಕೀಯ ಲಾಭಕ್ಕಾಗಿ ಎತ್ತಿಹಿಡಿದ ಆಕ್ಷೇಪಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಲು ಎರಡೂ ಕಡೆಗೆ ಸಮನಾಗಿ ಅನ್ವಯಿಸುವ ಅಳತೆಗೋಲು ಏನಾದರೂ ಇದೆಯೇ? ಯಾರು ಸರಿ, ಯಾರು ತಪ್ಪು ಎಂಬ ಚರ್ಚೆಯನ್ನು ದಯವಿಟ್ಟು ಇಲ್ಲಿ ಬೇಡವೆಂದು ಕೋರುತ್ತೇನೆ.

ಪ್ರತಿಕ್ರಿಯೆ: ಸುದ್ದಿಮನೆಯಿಂದ

ವಿದೇಶಿ ಸುದ್ದಿಗಳನ್ನು ಸಂಪಾದಿಸುವ ಕೆಲಸದಲ್ಲಿ ಹಲವು ವರ್ಷಗಳಿಂದ ಇರುವುದರಿಂದ ತಮ್ಮ ಮೊದಲ ಉದಾಹರಣೆಯ ತೊಡಕು ನನಗೆ ಚಿರಪರಿಚಿತ. ವರಾಡ್ಕರ್ ಅವರ ಆ ಸಾಲಿನಲ್ಲಿ ಮಗುವಿದೆ, ಸಂಕಟವಿದೆ, ಬಿಡುಗಡೆಯ ನೆಮ್ಮದಿಯಿದೆ. ಕೃತ್ಯ ಎಸಗಿದವರು ಮಾತ್ರ ಇಲ್ಲ. ಬೈಬಲ್ಲಿನ ಧಾಟಿಯ ಆ ಮಾತು ಐರ್ಲೆಂಡಿನ ಕ್ರೈಸ್ತರ ಕಿವಿಗೆ ಪ್ರಾರ್ಥನೆಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ, ಆದರೆ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕಳೆದುಕೊಂಡು, ಸುಮಾರು 250 ಮಂದಿಯನ್ನು ಒತ್ತೆಯಾಳುಗಳನ್ನಾಗಿ ಎಳೆದೊಯ್ದದ್ದನ್ನು ಕಂಡ ಸಮಾಜಕ್ಕೆ ಅದು ಅಪರಾಧವನ್ನು ಆಕಸ್ಮಿಕವಾಗಿ ಮಾರ್ಪಡಿಸಿದಂತೆ ಕೇಳಿಸಿತು. ಬಾಲಕಿಯನ್ನು ಮನೆಯಿಂದ ಕಸಿದೊಯ್ದು ಸೆರೆಯಲ್ಲಿಡಲಾಗಿತ್ತು ಎಂಬ ಮಾತು ಅವರ ಪೂರ್ಣ ಹೇಳಿಕೆಯಲ್ಲಿ ಇದ್ದೇ ಇತ್ತು. ಜಗತ್ತಿಗೆ ಹರಡಿದ್ದು ಮಾತ್ರ ಮೊದಲ ಸಾಲು.

ಇದೇ ದೂರು ಗಾಜಾದಿಂದಲೂ ಬರುತ್ತದೆ, ಅಕ್ಷರಶಃ ಇದೇ. ಇಸ್ರೇಲಿಗರ ಸಾವಿನ ಬಗ್ಗೆ ಮಾತನಾಡುವಾಗ ಹಮಾಸ್ ಕೊಂದಿತು ಎಂದು ಕರ್ತೃವನ್ನು ಹೆಸರಿಸುವ ನಾಯಕರು, ಬಾಂಬ್ ದಾಳಿಯಲ್ಲಿ ಸತ್ತ ಪ್ಯಾಲೆಸ್ಟೀನಿ ಕುಟುಂಬಗಳ ಬಗ್ಗೆ ಮಾತನಾಡುವಾಗ ಪ್ರಾಣಹಾನಿ ಸಂಭವಿಸಿದೆ ಎಂದು ಹೇಳಿ ಮುಂದೆ ಸಾಗುತ್ತಾರೆ. ಒಂದು ಸಾವಿಗೆ ಕೊಂದವರಿದ್ದಾರೆ, ಇನ್ನೊಂದು ಸಾವು ಪ್ರಕೃತಿ ವಿಕೋಪದಂತೆ ತಾನಾಗಿ ಬಂದಿದೆ. ಯಾವುದೇ ಒಂದು ವಾಕ್ಯವನ್ನು ಪ್ರತ್ಯೇಕವಾಗಿ ನೋಡಿದರೆ ದೋಷ ಕಾಣುವುದಿಲ್ಲ, ಆದರೆ ಒಬ್ಬರೇ ನಾಯಕರ ಎರಡು ವಾಕ್ಯಗಳನ್ನು ಜೊತೆಯಲ್ಲಿಟ್ಟಾಗ ತಾರತಮ್ಯ ಎದ್ದು ಕಾಣುತ್ತದೆ. ತಮ್ಮ ಪ್ರಬಂಧದಲ್ಲಿ ಹೇಳಿಕೆಗಳನ್ನು ಬಿಡಿಬಿಡಿಯಾಗಿ ಅಲ್ಲದೆ ಹೀಗೆ ಜೋಡಿಯಾಗಿ ಪರಿಶೀಲಿಸುವುದು ಒಳ್ಳೆಯದೆಂದು ನನ್ನ ಸಲಹೆ.

ಇದಕ್ಕಿಂತ ಆಳವಾಗಿ ಇರಿಯುವುದು ಮಾಡಿದವರ ಜಾಗದಲ್ಲಿ ಇಡೀ ಜನಾಂಗವನ್ನು ತಂದು ನಿಲ್ಲಿಸುವ ಮಾತು. 2013ರ ಜನವರಿಯಲ್ಲಿ, ಹಾಲೊಕಾಸ್ಟ್ ಸ್ಮರಣೆಯ ಸಂದರ್ಭದಲ್ಲಿ, ಬ್ರಿಟನ್ನಿನ ಲಿಬರಲ್ ಡೆಮಾಕ್ರಟ್ ಸಂಸದ ಡೇವಿಡ್ ವಾರ್ಡ್ ಅವರು, ಅಷ್ಟೊಂದು ಹಿಂಸೆ ಅನುಭವಿಸಿದ ಯಹೂದಿಗಳು ಸಾವಿನ ಶಿಬಿರಗಳಿಂದ ಬಿಡುಗಡೆಯಾದ ಕೆಲವೇ ವರ್ಷಗಳಲ್ಲಿ ಪ್ಯಾಲೆಸ್ಟೀನಿಯರ ಮೇಲೆ ದೌರ್ಜನ್ಯ ಎಸಗುತ್ತಿರುವುದು ತಮಗೆ ದುಃಖ ತಂದಿದೆ ಎಂದು ಬರೆದರು. ಇಸ್ರೇಲ್ ಸರ್ಕಾರದ ನೀತಿಯನ್ನು ಖಂಡಿಸುವುದು ಅವರ ಉದ್ದೇಶವಾಗಿದ್ದರೆ ಸರ್ಕಾರವನ್ನು ಹೆಸರಿಸಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಬದುಕುತ್ತಿರುವ, ಇಸ್ರೇಲಿನಲ್ಲಿ ಮತವೇ ಇಲ್ಲದ ಯಹೂದಿಯೊಬ್ಬರು ಆ ವಾಕ್ಯದಲ್ಲಿ ಆರೋಪಿಯಾಗಿಬಿಟ್ಟರು. ಶಿಬಿರಗಳಲ್ಲಿ ಸತ್ತವರನ್ನು ನೆನೆಯುವ ಹೊತ್ತಿನಲ್ಲೇ ಹೀಗೆ ಬರೆದದ್ದು ಗಾಯದ ಮೇಲೆ ಉಪ್ಪು ಸವರಿದಂತಾಯಿತು.

ಇನ್ನೊಂದು ಕಡೆಯನ್ನು ನೋಡಿ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಅಧ್ಯಕ್ಷ ಐಸಾಕ್ ಹೆರ್ಜಾಗ್ ಅವರು ಗಾಜಾದ ಬಗ್ಗೆ ಮಾತನಾಡುತ್ತಾ, ಅಲ್ಲಿನ ಇಡೀ ಜನಸಮುದಾಯವೇ ಹೊಣೆಗಾರ ಎಂದೂ ನಾಗರಿಕರಿಗೆ ಅರಿವಿರಲಿಲ್ಲ, ಅವರು ಭಾಗಿಗಳಲ್ಲ ಎಂಬ ಮಾತು ನಿಜವಲ್ಲ ಎಂದೂ ಹೇಳಿದರು. ಗಾಜಾದ ಜನರಲ್ಲಿ ಅರ್ಧದಷ್ಟು ಮಂದಿ ಮಕ್ಕಳೇ. ಅಲ್ಲಿ ಕೊನೆಯ ಸಂಸತ್ ಚುನಾವಣೆ ನಡೆದದ್ದು 2006ರಲ್ಲಿ. ತಾವು ಅಂತರರಾಷ್ಟ್ರೀಯ ಕಾನೂನನ್ನು ಪಾಲಿಸುತ್ತಿರುವುದಾಗಿಯೂ ನಿರಪರಾಧಿಗಳ ಹತ್ಯೆಗೆ ಸಮರ್ಥನೆಯಿಲ್ಲವೆಂದೂ ಅದೇ ಗೋಷ್ಠಿಯಲ್ಲಿ ಹೇಳಿದ್ದೆ, ಮಾತನ್ನು ತುಂಡರಿಸಿ ಉಲ್ಲೇಖಿಸಲಾಗಿದೆ ಎಂದು ಹೆರ್ಜಾಗ್ ನಂತರ ಆಕ್ಷೇಪಿಸಿದರು. ವಾರ್ಡ್ ಅವರ ಮಾತಿಗೂ ಹೆರ್ಜಾಗ್ ಅವರ ಮಾತಿಗೂ ಇರುವ ಅಂತರ ದೊಡ್ಡದು, ಏಕೆಂದರೆ ಒಬ್ಬರು ಅಂದಿನ ಸಮ್ಮಿಶ್ರ ಸರ್ಕಾರದ ಕಿರಿಯ ಪಕ್ಷದ ಸಾಮಾನ್ಯ ಸಂಸದ, ಇನ್ನೊಬ್ಬರು ಯುದ್ಧ ನಡೆಸುತ್ತಿರುವ ದೇಶದ ಅಧ್ಯಕ್ಷ. ಆದರೂ ಎರಡರಲ್ಲಿಯೂ ನಡೆದಿರುವುದು ಒಂದೇ: ಕೆಲವರ ಕೃತ್ಯದ ಲೆಕ್ಕವನ್ನು ಎಲ್ಲರ ಹೆಸರಿಗೆ ಬರೆಯುವುದು. ತಾವು ಕೇಳಿದ ಅಳತೆಗೋಲಿಗೆ ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಇಲ್ಲ.

ಇನ್ನು ಅಸ್ತಿತ್ವವನ್ನೇ ನಿರಾಕರಿಸುವ ಮಾತುಗಳದ್ದು ಒಂದು ಪರಂಪರೆಯೇ ಇದೆ. ಪ್ಯಾಲೆಸ್ಟೀನಿಯರು ಎಂಬುವರು ಇರಲೇ ಇಲ್ಲ ಎಂದು 1969ರಲ್ಲಿ ಬ್ರಿಟಿಷ್ ಪತ್ರಿಕೆಯೊಂದಕ್ಕೆ ಇಸ್ರೇಲಿನ ಪ್ರಧಾನಿ ಗೋಲ್ಡಾ ಮೀರ್ ಹೇಳಿದರು. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಜಕಾರಣಿ ನ್ಯೂಟ್ ಗಿಂಗ್ರಿಚ್ ಅದು ಸೃಷ್ಟಿಸಿಕೊಂಡ ಜನಾಂಗ ಎಂದರು. 2023ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ಇಸ್ರೇಲಿನ ಹಣಕಾಸು ಸಚಿವ ಬೆಜಲೆಲ್ ಸ್ಮೊಟ್ರಿಚ್ ಅದನ್ನೇ ಪುನರುಚ್ಚರಿಸಿದಾಗ ಅವರ ವೇದಿಕೆಯ ಮೇಲಿದ್ದ ನಕ್ಷೆಯಲ್ಲಿ ಜೋರ್ಡಾನ್ ಕೂಡ ಸೇರಿಹೋಗಿತ್ತು. ಈ ಮಾತುಗಳನ್ನು ಕೇಳುವವರು ಚರಿತ್ರೆಯ ಬಗೆಗಿನ ವಾದವನ್ನು ಕೇಳುತ್ತಿಲ್ಲ. ತಮ್ಮ ಅಜ್ಜ ಅಜ್ಜಿಯರು 1948ರಲ್ಲಿ ಮನೆಗೆ ಬೀಗ ಹಾಕಿ ಹೊರಟದ್ದು ನಡೆದೇ ಇಲ್ಲ ಎಂಬುದನ್ನು ಕೇಳುತ್ತಿದ್ದಾರೆ. 2024ರ ಜೂನ್‌ನ ಚರ್ಚೆಯಲ್ಲಿ ಡೊನಾಲ್ಡ್ ಟ್ರಂಪ್ ಅವರು ಜೋ ಬೈಡನ್ ಅವರನ್ನು ಹಂಗಿಸಲು ಕೆಟ್ಟ ಪ್ಯಾಲೆಸ್ಟೀನಿ ಎಂದು ಕರೆದದ್ದು ಇದರ ಮುಂದಿನ ಹೆಜ್ಜೆ: ಒಂದು ಜನಾಂಗದ ಹೆಸರೇ ಬೈಗುಳವಾಯಿತು.

ಪ್ರತಿಕ್ರಿಯೆ: ಸಂಶಯಿ

ಸುದ್ದಿಮನೆಯವರು ಬರೆದದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅವರ ಬರಹದಲ್ಲಿ ಆಕ್ಷೇಪಿಸುವವರೆಲ್ಲರೂ ನೊಂದವರೇ ಎಂಬ ನಂಬಿಕೆ ಇರುವಂತೆ ತೋರುತ್ತದೆ. ನನಗೆ ಆ ನಂಬಿಕೆ ಇಲ್ಲ. ಈ ವಿಷಯದಲ್ಲಿ ನೋವು ಎಷ್ಟು ನಿಜವೋ ನೋವಿನ ರಾಜಕೀಯವೂ ಅಷ್ಟೇ ನಿಜ.

ಗುಟೆರಸ್ ಅವರ ಭಾಷಣವನ್ನೇ ತೆಗೆದುಕೊಳ್ಳೋಣ. ಪ್ಯಾಲೆಸ್ಟೀನಿಯರ ಅಹವಾಲುಗಳು ಹಮಾಸ್‌ನ ಘೋರ ದಾಳಿಯನ್ನು ಸಮರ್ಥಿಸಲಾರವು, ಆ ದಾಳಿ ಪ್ಯಾಲೆಸ್ಟೀನಿಯರಿಗೆ ಸಾಮೂಹಿಕ ಶಿಕ್ಷೆ ವಿಧಿಸುವುದನ್ನೂ ಸಮರ್ಥಿಸಲಾರದು ಎಂಬ ಮಾತು ಅದೇ ಭಾಷಣದಲ್ಲಿ ಇತ್ತು. ಹಿನ್ನೆಲೆಯನ್ನು ಹೇಳುವುದು ಸಮರ್ಥನೆಯಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಿದ್ದರು. ಸತ್ತವರ ಅಂತ್ಯಸಂಸ್ಕಾರ ಇನ್ನೂ ಮುಗಿಯದಿದ್ದಾಗ ಹಿನ್ನೆಲೆಯ ಮಾತನ್ನು ಎತ್ತಿದ್ದು ಸಕಾಲಿಕವೇ ಎಂಬ ಪ್ರಶ್ನೆ ಬೇರೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಆದರೆ ರಾಜೀನಾಮೆಗೆ ಒತ್ತಾಯಿಸಿದ್ದು ಆ ಪ್ರಶ್ನೆಯ ಮೇಲಲ್ಲ, ಅವರು ಆಡದಿದ್ದ ಮಾತಿನ ಮೇಲೆ.

ಜೋರ್ಡಾನ್ ನದಿಗೂ ಮೆಡಿಟರೇನಿಯನ್ ಕಡಲಿಗೂ ನಡುವಿನ ನೆಲವನ್ನು ಸೂಚಿಸುವ, ನದಿಯಿಂದ ಕಡಲಿನವರೆಗೆ ಎಂಬ ಪ್ಯಾಲೆಸ್ಟೀನ್ ಪರ ಘೋಷಣೆಯ ಕಥೆ ಇನ್ನಷ್ಟು ಸ್ವಾರಸ್ಯಕರವಾಗಿದೆ. ಅಮೆರಿಕದ ಸಂಸತ್ತಿನ ಏಕೈಕ ಪ್ಯಾಲೆಸ್ಟೀನಿ ಮೂಲದ ಸದಸ್ಯೆ ರಶೀದಾ ತ್ಲೈಬ್ ಅವರು ಅದನ್ನು ಸಮರ್ಥಿಸಿಕೊಂಡದ್ದಕ್ಕಾಗಿ 2023ರ ನವೆಂಬರ್ 7ರಂದು ಪ್ರತಿನಿಧಿ ಸಭೆ 234–188 ಮತಗಳಿಂದ ಅವರಿಗೆ ಛೀಮಾರಿ ಹಾಕಿತು. ಹಮಾಸ್‌ನ ಬಾಯಲ್ಲಿ ಆ ಘೋಷಣೆಯ ಅರ್ಥ ಇಸ್ರೇಲ್ ಇಲ್ಲದ ಭೂಪಟ. ಅದನ್ನು ಕೇಳಿ ಬೆದರುವ ಇಸ್ರೇಲಿಗರು ಭ್ರಮೆಯಲ್ಲಿಲ್ಲ. ತ್ಲೈಬ್ ಅವರು ಹೇಳುವ ಅರ್ಥ ಸಹಬಾಳ್ವೆ ಮತ್ತು ಸಮಾನತೆ. ಇದಕ್ಕೆ ವಾರದ ಹಿಂದೆಯಷ್ಟೇ ಬ್ರಿಟನ್ನಿನ ಲೇಬರ್ ಸಂಸದ ಆಂಡಿ ಮೆಕ್‌ಡೊನಾಲ್ಡ್ ಅವರನ್ನು ಪಕ್ಷ ಅಮಾನತುಗೊಳಿಸಿತ್ತು. ನದಿಗೂ ಕಡಲಿಗೂ ನಡುವೆ ಬದುಕುವ ಎಲ್ಲರೂ, ಇಸ್ರೇಲಿಗರೂ ಪ್ಯಾಲೆಸ್ಟೀನಿಯರೂ, ಶಾಂತಿ ಸ್ವಾತಂತ್ರ್ಯಗಳಲ್ಲಿ ಬಾಳುವಂತಾಗಬೇಕು ಎಂಬುದು ಅವರ ವಾಕ್ಯವಾಗಿತ್ತು. ಇಬ್ಬರನ್ನೂ ಹೆಸರಿಸಿದ ವಾಕ್ಯದಲ್ಲಿ ಯಾರ ನಿರ್ಮೂಲನೆಯ ಕರೆ ಅಡಗಿದೆಯೋ ನಾನು ಕಾಣೆ. ಕಡಲಿಗೂ ಜೋರ್ಡಾನ್ ನದಿಗೂ ನಡುವೆ ಇಸ್ರೇಲಿನ ಸಾರ್ವಭೌಮತ್ವ ಮಾತ್ರವೇ ಇರುತ್ತದೆ ಎಂದು ಇಸ್ರೇಲಿನ ಬಲಪಂಥೀಯ ಲಿಕುಡ್ ಪಕ್ಷ 1977ರ ತನ್ನ ಪ್ರಣಾಳಿಕೆಯಲ್ಲಿಯೇ ಬರೆದುಕೊಂಡಿತ್ತೆಂಬುದನ್ನು ಈ ವಿವಾದಗಳ ನಡುವೆ ನೆನಪಿಸಿಕೊಂಡವರು ಕಡಿಮೆ.

ಒಂದೇ ಮಾತು ಯಾರ ಬಾಯಿಂದ ಬಂತು ಎಂಬುದರ ಮೇಲೆ ಅದಕ್ಕೆ ಸಿಗುವ ಕ್ಷಮೆ ನಿರ್ಧಾರವಾಗುತ್ತದೆ ಎಂಬುದಕ್ಕೆ ಇನ್ನೊಂದು ಜೋಡಿ ಇದೆ. 2019ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಸಂಸದೆ ಇಲ್ಹಾನ್ ಒಮರ್ ಅವರು, ಪರದೇಶಕ್ಕೆ ನಿಷ್ಠೆ ತೋರಿಸಬೇಕೆಂದು ಒತ್ತಾಯಿಸುವವರಿದ್ದಾರೆ ಎಂಬರ್ಥದ ಮಾತನಾಡಿದಾಗ, ಯಹೂದಿಗಳ ದೇಶನಿಷ್ಠೆಯನ್ನು ಶಂಕಿಸುವ ಹಳೆಯ ವಿಷ ಅದರಲ್ಲಿದೆ ಎಂಬ ಆಕ್ಷೇಪ ಸಕಾರಣವಾಗಿಯೇ ಬಂತು; ಯಹೂದಿ ದ್ವೇಷವನ್ನೂ ಮುಸ್ಲಿಂ ದ್ವೇಷವನ್ನೂ ಒಟ್ಟಿಗೆ ಖಂಡಿಸುವ ನಿರ್ಣಯ 407–23 ಮತಗಳಿಂದ ಅಂಗೀಕಾರವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುವ ಯಹೂದಿಗಳಲ್ಲಿ ಅಜ್ಞಾನವಿದೆ ಅಥವಾ ಭಾರೀ ನಿಷ್ಠಾಹೀನತೆಯಿದೆ ಎಂದು ಅಧ್ಯಕ್ಷ ಟ್ರಂಪ್ ಹೇಳಿದರು. ಯಹೂದಿ ಸಂಘಟನೆಗಳು ಪ್ರತಿಭಟಿಸಿದವು, ಆದರೆ ಒಮರ್ ಅವರ ಮೇಲೆ ಕಿಡಿಕಾರಿದ್ದ ಟ್ರಂಪ್ ಪಕ್ಷದವರಲ್ಲಿ ಬಹುಪಾಲು ಮಂದಿ ಅಂದು ಸುಮ್ಮನಿದ್ದರು. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ: ಯಾರು ನೊಂದರು ಎಂಬುದರ ಜೊತೆಗೆ ಯಾರು ನೊಂದುಕೊಳ್ಳಲಿಲ್ಲ ಎಂಬುದನ್ನೂ ದಾಖಲಿಸಿ.

ಪ್ರತಿಕ್ರಿಯೆ: ಕಾನೂನು ಓದುವವಳು

ಇಲ್ಲಿಯವರೆಗಿನ ಚರ್ಚೆಯಲ್ಲಿ ಮನಸ್ಸಿಗೆ ನೋವು ಎಂಬ ಮಾತೇ ಮೇಲುಗೈ ಪಡೆದಿದೆ. ಅಧಿಕಾರದಲ್ಲಿರುವವರ ಮಾತಿಗೆ ಆ ಅಳತೆ ಸಾಲುವುದಿಲ್ಲ ಎಂಬುದು ನನ್ನ ತಕರಾರು.

2023ರ ಅಕ್ಟೋಬರ್ 9ರಂದು ಇಸ್ರೇಲಿನ ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ಅವರು ಗಾಜಾಕ್ಕೆ ವಿದ್ಯುತ್, ಆಹಾರ, ಇಂಧನ ಯಾವುದೂ ಹೋಗದಂತೆ ಸಂಪೂರ್ಣ ಮುತ್ತಿಗೆಯನ್ನು ಘೋಷಿಸುತ್ತಾ, ತಾವು ಮನುಷ್ಯರೂಪದ ಮೃಗಗಳೊಡನೆ ಹೋರಾಡುತ್ತಿದ್ದು ಅದಕ್ಕೆ ತಕ್ಕಂತೆಯೇ ನಡೆದುಕೊಳ್ಳುತ್ತಿರುವುದಾಗಿ ಹೇಳಿದರು. ಹಮಾಸ್ ಹೋರಾಟಗಾರರನ್ನು ಉದ್ದೇಶಿಸಿ ಆಡಿದ ಮಾತದು ಎಂಬ ಸಮರ್ಥನೆ ಬಂತು. ಆದರೆ ಮುತ್ತಿಗೆಗೆ ಒಳಗಾದವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ. ಇಸ್ರೇಲ್ ವಿರುದ್ಧ ದಕ್ಷಿಣ ಆಫ್ರಿಕಾ ಹೂಡಿದ ಮೊಕದ್ದಮೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವು 2024ರ ಜನವರಿ 26ರ ತನ್ನ ಮಧ್ಯಂತರ ಆದೇಶದಲ್ಲಿ ಗ್ಯಾಲಂಟ್, ಹೆರ್ಜಾಗ್ ಮತ್ತು ಸಚಿವ ಇಸ್ರೇಲ್ ಕಾಟ್ಜ್ ಅವರ ಮಾತುಗಳನ್ನು ಉದ್ಧರಿಸಿತು. ನರಮೇಧಕ್ಕೆ ನೇರವಾದ ಸಾರ್ವಜನಿಕ ಪ್ರಚೋದನೆಯನ್ನು ತಡೆಯಬೇಕು, ಶಿಕ್ಷಿಸಬೇಕು ಎಂಬ ಆದೇಶಕ್ಕೆ 16–1ರ ಬಹುಮತ ದೊರೆಯಿತು. ಇಸ್ರೇಲ್ ನೇಮಿಸಿದ್ದ ನ್ಯಾಯಮೂರ್ತಿ ಅಹರೋನ್ ಬರಾಕ್ ಅವರೂ ಆ ಅಂಶಕ್ಕೆ ಪರವಾಗಿ ಮತ ನೀಡಿದ್ದರು. ನರಮೇಧ ನಡೆದಿದೆ ಎಂಬ ತೀರ್ಪು ಅದಾಗಿರಲಿಲ್ಲ, ಅದು ಮುಂದೆ ವಿಚಾರಣೆಯಾಗಬೇಕಾದ ವಿಷಯ. ಆದರೆ 1948ರ ನರಮೇಧ ಒಡಂಬಡಿಕೆಯ ಪ್ರಕಾರ ಆ ಅಪರಾಧದ ತಿರುಳು ಉದ್ದೇಶ. ಉದ್ದೇಶಕ್ಕೆ ಸಾಕ್ಷಿಯನ್ನು ಹುಡುಕುವವರು ನಾಯಕರ ಮಾತಿನಲ್ಲಲ್ಲದೆ ಬೇರೆಲ್ಲಿ ಮೊದಲು ಹುಡುಕಬೇಕು? ಕೃಷಿ ಸಚಿವ ಆವಿ ದಿಚ್ಟರ್ ಅವರು 2023ರ ನವೆಂಬರ್‌ನಲ್ಲಿ ಟಿವಿ ಸಂದರ್ಶನವೊಂದರಲ್ಲಿ ಇದು ಗಾಜಾದ 2023ರ ನಕ್ಬಾ ಎಂದುಬಿಟ್ಟರು. 1948ರಲ್ಲಿ ಏಳು ಲಕ್ಷದಷ್ಟು ಜನ ನೆಲೆ ಕಳೆದುಕೊಂಡ ದುರಂತದ ಹೆಸರನ್ನು ಯೋಜನೆಯೊಂದರ ಹೆಸರಿನಂತೆ ಬಳಸಿದ ಆ ಮಾತನ್ನು ಬರೀ ಅಸಭ್ಯವೆಂದು ತಳ್ಳಿಹಾಕಲು ಬರುವುದಿಲ್ಲ.

ಸ್ಥಳಗಳ ಹೆಸರಿನ ವಿಚಾರವನ್ನೂ ಯಾರಾದರೂ ಎತ್ತಲೇಬೇಕು. ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್‌ಗಳಂತಹ ಪ್ರದೇಶಗಳನ್ನು ಆಕ್ರಮಿತ ಎನ್ನಬೇಕೇ, ವಿವಾದಿತ ಎನ್ನಬೇಕೇ ಎಂಬುದು ಎರಡು ಸಮಾನ ಪಕ್ಷಗಳ ನಡುವಿನ ಅಭಿರುಚಿಯ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಹಾಗಲ್ಲ. ವಿಶ್ವಸಂಸ್ಥೆಯೂ ಅಂತರರಾಷ್ಟ್ರೀಯ ನ್ಯಾಯಾಲಯವೂ ಬಳಸುವುದು ಮೊದಲನೆಯದನ್ನು; 2024ರ ಜುಲೈ 19ರ ಸಲಹಾ ಅಭಿಪ್ರಾಯದಲ್ಲಿ ಆ ನ್ಯಾಯಾಲಯ ಅಲ್ಲಿ ಇಸ್ರೇಲಿನ ಇರುವಿಕೆಯೇ ಕಾನೂನುಬಾಹಿರ ಎಂದಿತು. 2014ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಅಟಾರ್ನಿ ಜನರಲ್ ಜಾರ್ಜ್ ಬ್ರಾಂಡಿಸ್ ಅವರು ಪೂರ್ವ ಜೆರುಸಲೇಮನ್ನು ಇನ್ನು ಮುಂದೆ ಆಕ್ರಮಿತವೆಂದು ಕರೆಯುವುದಿಲ್ಲ ಎಂದಾಗ ಅರಬ್ ರಾಷ್ಟ್ರಗಳು ಕೆರಳಿ, ವಿದೇಶಾಂಗ ಸಚಿವೆ ಸ್ಪಷ್ಟೀಕರಣ ಕೊಡಬೇಕಾಯಿತು. 2023ರ ಆಗಸ್ಟ್‌ನಲ್ಲಿ ಅದೇ ದೇಶದ ವಿದೇಶಾಂಗ ಸಚಿವೆ ಪೆನ್ನಿ ವಾಂಗ್ ಅವರು ಆಕ್ರಮಿತ ಪ್ಯಾಲೆಸ್ಟೀನಿ ಪ್ರದೇಶಗಳು ಎಂಬ ಪ್ರಯೋಗಕ್ಕೆ ಮರಳಿದಾಗ ಇಸ್ರೇಲ್ ಬೇಸರಿಸಿತು. ಪಶ್ಚಿಮ ದಂಡೆಯ ಹೆಬ್ರಾನ್ ಹಾಗೂ ಅದರ ಸುತ್ತಲಿನ ನಾಡನ್ನು ತಮ್ಮ ಧರ್ಮಗ್ರಂಥದ ಜುಡೇಯಾ ಎಂದು ಭಾವಿಸುವ ಯಹೂದಿಗೆ ಆ ಹೆಸರಿನೊಂದಿಗೆ ಭಕ್ತಿಯ ನಂಟಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಶ್ಚಿಮ ದಂಡೆ ಎಂಬುದೇ ಇಲ್ಲ ಎಂದು ಅಮೆರಿಕದ ರಾಜಕಾರಣಿ ಮೈಕ್ ಹಕಬೀ 2017ರಲ್ಲಿ ಹೇಳಿದಾಗ ಕೇಳಿಸಿದ್ದು ಭಕ್ತಿಯಲ್ಲ, ಒಡೆತನದ ಘೋಷಣೆ.

ಅಳತೆಗೋಲಿನ ಬಗ್ಗೆ ಒಂದು ಮಾತು. ಯಹೂದಿ ದ್ವೇಷವನ್ನು ವ್ಯಾಖ್ಯಾನಿಸುವ ಎರಡು ಪಠ್ಯಗಳು ಪರಸ್ಪರ ಸ್ಪರ್ಧೆಯಲ್ಲಿವೆ: ಅಂತರರಾಷ್ಟ್ರೀಯ ಹಾಲೊಕಾಸ್ಟ್ ಸ್ಮರಣೆ ಒಕ್ಕೂಟವು 2016ರಲ್ಲಿ ಅಂಗೀಕರಿಸಿದ್ದು ಒಂದು, ಅದರಿಂದ ಅತೃಪ್ತರಾದ ವಿದ್ವಾಂಸರು 2021ರಲ್ಲಿ ಹೊರತಂದ ಜೆರುಸಲೇಮ್ ಘೋಷಣೆ ಇನ್ನೊಂದು. ಇಸ್ರೇಲ್ ಬಗೆಗಿನ ಟೀಕೆ ಎಲ್ಲಿ ಮಿತಿ ಮೀರುತ್ತದೆ ಎಂಬುದರಲ್ಲಿ ಇವೆರಡಕ್ಕೂ ತೀವ್ರ ಭಿನ್ನಾಭಿಪ್ರಾಯವಿದೆ. ಇಸ್ರೇಲ್ ಮಾಡಿದ್ದಕ್ಕೆ ಯಹೂದಿಗಳನ್ನು ಒಟ್ಟಾಗಿ ಹೊಣೆ ಮಾಡುವುದು ದ್ವೇಷವೇ ಎಂಬುದರಲ್ಲಿ ಮಾತ್ರ ಎರಡೂ ಒಂದಾಗಿವೆ. ಸುದ್ದಿಮನೆಯವರು ಸೂಚಿಸಿದ ಅಳತೆಗೆ ಇದಕ್ಕಿಂತ ಒಳ್ಳೆಯ ಬೆಂಬಲ ಸಿಗಲಾರದು. ಹಮಾಸ್ ಮತ್ತು ಪ್ಯಾಲೆಸ್ಟೀನಿಯರ ವಿಷಯದಲ್ಲಿ ಅದನ್ನೇ ಅನ್ವಯಿಸಲು ಹೊಸ ವ್ಯಾಖ್ಯಾನವೇನೂ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಹೇಳಿಕೆಗಳನ್ನು ಜೋಡಿಯಾಗಿ ನೋಡುವ ಕ್ರಮವನ್ನು ಖಂಡಿತ ಅನುಸರಿಸುತ್ತೇನೆ. ಎರಡು ವಿಷಯಗಳು ಉಳಿದಿವೆ. ಹಾಲೊಕಾಸ್ಟ್ ಜೊತೆಗಿನ ಹೋಲಿಕೆಗಳು ಇಷ್ಟೊಂದು ಮರುಕಳಿಸುವುದೇಕೆ? ಮತ್ತು ಆಡಿದ ಮಾತನ್ನು ಹಿಂತೆಗೆದುಕೊಂಡ ಅಥವಾ ಕ್ಷಮೆ ಕೇಳಿದ ಪ್ರಸಂಗಗಳಲ್ಲಿ ಯಾವುದಾದರೂ ನಿಜವಾಗಿ ಕೆಲಸ ಮಾಡಿದೆಯೇ?

ಪ್ರತಿಕ್ರಿಯೆ: ಹೇಳಿಕೆ ಬರೆಯುವವಳು

ಸಂಸ್ಥೆಗಳಿಗಾಗಿ ಅಧಿಕೃತ ಹೇಳಿಕೆಗಳನ್ನು ಬರೆದುಕೊಡುವುದು ನನ್ನ ವೃತ್ತಿಯಾದ್ದರಿಂದ ಎರಡನೆಯ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆಸಕ್ತಿ. ಮೊದಲನೆಯದಕ್ಕೆ ಚಿಕ್ಕದಾಗಿ ಉತ್ತರಿಸುತ್ತೇನೆ.

ಅತ್ಯಂತ ದೊಡ್ಡ ಕೇಡಿನ ಹೆಸರು ಯಾವುದೋ ಅದನ್ನೇ ಎತ್ತಿಕೊಂಡರೆ ತನ್ನ ಜನರ ನೋವನ್ನು ಜಗತ್ತು ಗಮನಿಸುತ್ತದೆ ಎಂಬ ಆಸೆಯಿಂದಲೇ ಈ ಹೋಲಿಕೆಗಳು ಹುಟ್ಟುತ್ತವೆ. ಫಲ ಮಾತ್ರ ತಿರುಗುಮುರುಗು. 2022ರ ಆಗಸ್ಟ್‌ನಲ್ಲಿ ಬರ್ಲಿನ್ನಿನಲ್ಲಿ ಪತ್ರಕರ್ತರೊಬ್ಬರು 1972ರ ಮ್ಯೂನಿಕ್ ಒಲಿಂಪಿಕ್ಸ್ ದಾಳಿಯ ಐವತ್ತನೆಯ ವರ್ಷದ ಬಗ್ಗೆ ಕೇಳಿದಾಗ ಪ್ಯಾಲೆಸ್ಟೀನಿ ಪ್ರಾಧಿಕಾರದ ಅಧ್ಯಕ್ಷ ಮಹಮೂದ್ ಅಬ್ಬಾಸ್ ಅವರು ಹತರಾದ ಹನ್ನೊಂದು ಇಸ್ರೇಲಿಗರ ಬಗ್ಗೆ ಏನನ್ನೂ ಹೇಳದೆ, ಇಸ್ರೇಲ್ ಐವತ್ತು ಹಾಲೊಕಾಸ್ಟ್‌ಗಳನ್ನು ಎಸಗಿದೆ ಎಂದರು. ಪಕ್ಕದಲ್ಲಿದ್ದ ಚಾನ್ಸಲರ್ ಓಲಾಫ್ ಶೋಲ್ಜ್ ಆ ಕ್ಷಣದಲ್ಲಿ ಮೌನವಾಗಿದ್ದು ನಂತರ ಖಂಡಿಸಿದರು. ಜರ್ಮನಿಯಲ್ಲಿ ಆ ಮೌನವೇ ಪ್ರತ್ಯೇಕ ವಿವಾದವಾಯಿತು. ಅಬ್ಬಾಸ್ ಅವರು ತಮ್ಮ ಜನರ ಬಗ್ಗೆ ಹೇಳಬೇಕೆಂದಿದ್ದ ಯಾವ ಮಾತೂ ಅಂದು ಯಾರ ಕಿವಿಗೂ ಬೀಳಲಿಲ್ಲ. ಇದು ಒಂದು ಕಡೆಯವರ ಚಟವೇನಲ್ಲ. 2015ರ ಅಕ್ಟೋಬರ್‌ನಲ್ಲಿ ಬೆಂಜಮಿನ್ ನೆತನ್ಯಾಹು ಅವರು, ಯಹೂದಿಗಳನ್ನು ಕೊಲ್ಲುವ ಆಲೋಚನೆಯನ್ನು ಹಿಟ್ಲರನಿಗೆ ಕೊಟ್ಟದ್ದು ಜೆರುಸಲೇಮಿನ ಅಂದಿನ ಪ್ಯಾಲೆಸ್ಟೀನಿ ಮುಫ್ತಿ ಎಂಬರ್ಥದಲ್ಲಿ ಮಾತನಾಡಿದರು. ಇಸ್ರೇಲಿನ ಚರಿತ್ರಕಾರರೇ ಅದನ್ನು ತಿರಸ್ಕರಿಸಿದರು, ಆ ಅಪರಾಧದ ಹೊಣೆ ನಮ್ಮದೇ ಎಂದು ಜರ್ಮನಿ ನೆನಪಿಸಬೇಕಾಯಿತು. ಅರವತ್ತು ಲಕ್ಷ ಜನರ ಸಾವು ಎರಡೂ ಸಂದರ್ಭಗಳಲ್ಲಿ ವಾದಕ್ಕೆ ಬಳಸುವ ಸಲಕರಣೆಯಾಯಿತು.

ಕ್ಷಮೆಯ ವಿಷಯಕ್ಕೆ ಬರುತ್ತೇನೆ. ರಾಜಕಾರಣಿಗಳ ವಿಷಾದದಲ್ಲಿ ಹೆಚ್ಚಿನದು, ಯಾರಿಗಾದರೂ ನೋವಾಗಿದ್ದರೆ ಎಂಬ ಷರತ್ತಿನೊಂದಿಗೆ ಬರುತ್ತದೆ. ಅದು ಕ್ಷಮೆಯಲ್ಲ, ನೊಂದವರ ಮೇಲೆಯೇ ಹೊರಿಸಿದ ಅನುಮಾನ. 2018ರಲ್ಲಿ ಅಬ್ಬಾಸ್ ಅವರು ಯುರೋಪಿನ ಯಹೂದಿಗಳ ಮೇಲಿನ ದ್ವೇಷಕ್ಕೆ ಅವರ ಬಡ್ಡಿ ವ್ಯವಹಾರವೇ ಕಾರಣವಾಗಿತ್ತೆಂದು ಹೇಳಿ ನಾಲ್ಕು ದಿನಗಳ ನಂತರ ಕ್ಷಮೆ ಕೇಳಿದ್ದರು. 2023ರಲ್ಲಿ ಅದೇ ವಾದವನ್ನು ಮತ್ತೆ ಮಂಡಿಸಿದಾಗ ಹಿಂದಿನ ಕ್ಷಮೆಯೂ ಬೆಲೆ ಕಳೆದುಕೊಂಡಿತು, ಪ್ಯಾರಿಸ್ ನಗರ ತಾನು ನೀಡಿದ್ದ ಗೌರವ ಪದಕವನ್ನು ಹಿಂಪಡೆಯಿತು. ಸ್ಮೊಟ್ರಿಚ್ ಅವರು 2023ರ ಮಾರ್ಚ್‌ನಲ್ಲಿ ಹುವಾರಾ ಎಂಬ ಪ್ಯಾಲೆಸ್ಟೀನಿ ಊರನ್ನು ಅಳಿಸಿಹಾಕಬೇಕು ಎಂದು ಹೇಳಿ, ಅಮೆರಿಕ ಅದನ್ನು ಅಸಹ್ಯವೆಂದು ಕರೆದ ಮೇಲೆ, ಬಾಯಿತಪ್ಪಿ ಬಂದ ಮಾತು ಎಂದರು. ಹುವಾರಾದಲ್ಲಿ ಇಸ್ರೇಲಿ ಸೋದರರಿಬ್ಬರ ಹತ್ಯೆಯಾದ ಬೆನ್ನಲ್ಲೇ ವಲಸಿಗರ ಗುಂಪು ಮನೆ ವಾಹನಗಳಿಗೆ ಬೆಂಕಿಯಿಟ್ಟು ಕೆಲವೇ ದಿನಗಳಾಗಿದ್ದವು. ಸುಟ್ಟ ಮನೆಯ ಮುಂದೆ ನಿಂತವರಿಗೆ ಬಾಯಿತಪ್ಪಿನ ವಿವರಣೆಯಿಂದ ಏನು ಸಮಾಧಾನ?

ನನಗೆ ಪಾಠದಂತಿರುವುದು ಆಗ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕರಾಗಿದ್ದ ಕೀರ್ ಸ್ಟಾರ್ಮರ್ ಅವರ ಪ್ರಸಂಗ. 2023ರ ಅಕ್ಟೋಬರ್ 11ರ ರೇಡಿಯೊ ಸಂದರ್ಶನದಲ್ಲಿ, ವಿದ್ಯುತ್ತನ್ನೂ ನೀರನ್ನೂ ಕಡಿತಗೊಳಿಸುವುದು ಸರಿಯೇ ಎಂಬ ಪ್ರಶ್ನೆಗೆ ಅವರು, ಇಸ್ರೇಲಿಗೆ ಆ ಹಕ್ಕಿದೆ, ಎಲ್ಲವೂ ಅಂತರರಾಷ್ಟ್ರೀಯ ಕಾನೂನಿನೊಳಗೆ ನಡೆಯಬೇಕು ಎಂದು ಉತ್ತರಿಸಿದರು. ತಾವು ಹೇಳಿದ್ದು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಮಾತ್ರ ಎಂಬ ಸ್ಪಷ್ಟೀಕರಣ ಬಂದದ್ದು 20ರಂದು. ನನ್ನ ವೃತ್ತಿಯ ಅನುಭವದಲ್ಲಿ ಇಂತಹ ಸ್ಪಷ್ಟೀಕರಣ ಅದೇ ಸಂಜೆ ಹೊರಬೀಳಬೇಕು. ಆ ಒಂಬತ್ತು ದಿನಗಳಲ್ಲಿ ಪಕ್ಷದ ಹಲವು ಕೌನ್ಸಿಲರ್‌ಗಳು ರಾಜೀನಾಮೆ ಕೊಟ್ಟರು, ಬ್ರಿಟಿಷ್ ಮುಸ್ಲಿಮರ ಮನಸ್ಸಿನಲ್ಲಿ ಮೊದಲ ವಾಕ್ಯ ನೆಲೆಯೂರಿತು. 2024ರ ಜುಲೈ ಚುನಾವಣೆಯಲ್ಲಿ ದೇಶದಾದ್ಯಂತ ಭರ್ಜರಿ ಬಹುಮತ ಪಡೆದ ಲೇಬರ್ ಪಕ್ಷ ಗಾಜಾದ ವಿಷಯವನ್ನೇ ಮುಂದಿಟ್ಟ ನಾಲ್ವರು ಪಕ್ಷೇತರರ ಎದುರು ಸ್ಥಾನಗಳನ್ನು ಕಳೆದುಕೊಂಡಿತು. ಆ ಸೋಲಿಗೆ ಒಂದೇ ವಾಕ್ಯ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಕದನವಿರಾಮದ ಬಗ್ಗೆ ಪಕ್ಷ ತಳೆದ ನಿಲುವೂ ಇತ್ತು. ಆದರೆ ಮನೆಮನೆಯ ಪ್ರಚಾರದಲ್ಲಿ ತೋರಿಸಲು ಆ ಪಕ್ಷೇತರರಿಗೆ ಒಂದು ವೀಡಿಯೊ ತುಣುಕು ಸಿದ್ಧವಾಗಿ ಸಿಕ್ಕಿತ್ತು.

ಇಸ್ರೇಲ್ ಪರ ಲಾಬಿಯ ಹಣದ ಬಲದ ಬಗ್ಗೆ 2019ರ ಫೆಬ್ರವರಿಯಲ್ಲಿ ಮಾಡಿದ ಟ್ವೀಟಿಗೆ ಒಮರ್ ಅವರು ಮಾರನೆಯ ದಿನವೇ ಕೇಳಿದ ಕ್ಷಮೆಯನ್ನು ನಾನು ಒಳ್ಳೆಯ ಮಾದರಿಯೆಂದು ಪರಿಗಣಿಸುತ್ತೇನೆ. ಯಹೂದಿ ದ್ವೇಷ ನಿಜವಾದದ್ದು, ಅದರ ಚರಿತ್ರೆಯನ್ನು ತಿಳಿಹೇಳಿದ ಯಹೂದಿ ಸಹೋದ್ಯೋಗಿಗಳಿಗೆ ಋಣಿ, ನಿಶ್ಶರ್ತವಾಗಿ ಕ್ಷಮೆ ಕೇಳುತ್ತೇನೆ ಎಂದು ಬರೆದ ಅವರು, ಲಾಬಿ ಸಂಘಟನೆಗಳ ಪ್ರಭಾವದ ಬಗೆಗಿನ ತಮ್ಮ ಟೀಕೆಯನ್ನು ಅದರ ಜೊತೆಯಲ್ಲಿಯೇ ಉಳಿಸಿಕೊಂಡರು.

ಪ್ರತಿಕ್ರಿಯೆ: ಸಂಶಯಿ

ಕೊನೆಯ ಉದಾಹರಣೆಯ ಬಗ್ಗೆ ನನ್ನ ಭಿನ್ನಮತವಿದೆ. ಆ ಕ್ಷಮೆ ಚೆನ್ನಾಗಿಯೇ ಇತ್ತು, ಆದರೆ ನಾಲ್ಕು ವರ್ಷಗಳ ಬಳಿಕ, 2023ರ ಫೆಬ್ರವರಿಯಲ್ಲಿ, ಹಳೆಯ ಮಾತುಗಳನ್ನೇ ಕಾರಣವಾಗಿ ಮುಂದೊಡ್ಡಿ 218–211 ಮತಗಳಿಂದ ಅವರನ್ನು ವಿದೇಶಾಂಗ ವ್ಯವಹಾರಗಳ ಸಮಿತಿಯಿಂದ ಹೊರಗಿಡಲಾಯಿತು. ಮತಗಳು ಪಕ್ಷದ ಗೆರೆಯ ಮೇಲೆಯೇ ಬಿದ್ದವು. ಹಾಗಾಗಿ ಕ್ಷಮೆ ಕೆಲಸ ಮಾಡಿತೇ ಎಂದು ಕೇಳುವಾಗ ಯಾರ ಬಳಿ ಎಂಬುದನ್ನೂ ಕೇಳಬೇಕು.

ಪ್ರತಿಕ್ರಿಯೆ: ಹೇಳಿಕೆ ಬರೆಯುವವಳು

ಒಪ್ಪುತ್ತೇನೆ, ಆದರೆ ಅದು ಸಮಿತಿಯಲ್ಲಿ ಸ್ಥಾನ ಉಳಿಸಿಕೊಳ್ಳಲು ಕೇಳಿದ ಕ್ಷಮೆಯಾಗಿರಲಿಲ್ಲವಲ್ಲ. ಅದು ತಲುಪಬೇಕಾಗಿದ್ದದ್ದು ಆ ಟ್ವೀಟನ್ನು ಓದಿ ಬೆಚ್ಚಿದ ಯಹೂದಿ ಮತದಾರರಿಗೆ. ಅವರಲ್ಲಿ ಎಷ್ಟು ಜನ ಅದನ್ನು ಸ್ವೀಕರಿಸಿದರೆಂಬುದು 218–211ರ ಲೆಕ್ಕದಲ್ಲಿ ಸಿಗುವುದಿಲ್ಲ. ಪ್ರಬಂಧ ಬರೆಯುತ್ತಿರುವವರು ಈ ಎರಡು ವರ್ಗಗಳ ಪ್ರತಿಕ್ರಿಯೆಯನ್ನು ಬೇರೆ ಬೇರೆಯಾಗಿ ಹುಡುಕುವುದು ಲೇಸು. ಸಂಸತ್ತಿನ ನಡವಳಿಗಳಲ್ಲಿ ಮೊದಲ ವರ್ಗ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಆ ವಾರದ ಯಹೂದಿ ಸಮುದಾಯದ ಪತ್ರಿಕೆಗಳನ್ನು ತೆರೆಯಬೇಕು.